ನಮ್ಮ ಧಣಿ ಮಂತ್ರಿಯಾದರು

ಒಬ್ಬ ಮನುಷ್ಯ ಮಂತ್ರಿಯಾಗುವುದನ್ನು ನಾನು ಕೈಯಲ್ಲಿ ಕತ್ತರಿ ಹಿಡಿದುಕೊಂಡು ನೋಡಿದವಳು. ಕುವೈತಿನಲ್ಲಿ ಯುರೋಪಿನ ಒಂದು ಪುಟ್ಟ ದೇಶದ ರಾಯಭಾರ ಕಚೇರಿ ಇತ್ತು, ಸಲ್ವಾದ ಒಂದು ವಿಲ್ಲಾದಲ್ಲಿ. ಅಲ್ಲಿ ಹದಿನೈದು ವರ್ಷ ಕಾರ್ಯದರ್ಶಿಯಾಗಿದ್ದೆ. ಟೈಪಿಂಗ್, ಫೋನು, ವೀಸಾದ ಅರ್ಜಿ, ಅದರ ಮೇಲೆ ಆ ದೇಶದಿಂದ ಬರುವ ಪೇಪರುಗಳಲ್ಲಿ ಕುವೈತಿನ ಸುದ್ದಿ ಹುಡುಕಿ ಕತ್ತರಿಸಿ ಫೈಲಿಗೆ ಅಂಟಿಸುವುದು, ಇಷ್ಟು ನನ್ನ ಕೆಲಸ. ದೇಶದ ಹೆಸರು ಹೇಳುವುದಿಲ್ಲ. ಹೇಳಿದರೂ ನೀವು ನಕ್ಷೆಯಲ್ಲಿ ಹುಡುಕಬೇಕಾದೀತು. ಇಗರ್ಜಿಯಲ್ಲಿ ಸಿಕ್ಕಿದ ನಮ್ಮ ಮಂಗಳೂರಿನವರು ಅದು ಜರ್ಮನಿಯ ಒಳಗೆ ಬರುತ್ತದಾ ಅಂತ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಂಬಳ ಕೊಡುವ ದೇಶದ ಮೇಲೆ ಅಷ್ಟು ಅಭಿಮಾನ ನನಗೆ.

ನನ್ನ ಗಂಡ ಬ್ಯಾಂಕಿನಲ್ಲಿದ್ದರು. ಬ್ನೇದ್ ಅಲ್ ಗಾರ್‌ನಲ್ಲಿ ನಮ್ಮ ಫ್ಲ್ಯಾಟು. ನನ್ನ ಇಕಾಮಾ, ಅಂದರೆ ಆ ದೇಶದಲ್ಲಿ ಇರಲಿಕ್ಕೆ ಬೇಕಾದ ಪರವಾನಗಿ, ಗಂಡನ ಲೆಕ್ಕದಲ್ಲಿ ಇತ್ತು. ನನ್ನ ಕೆಲಸ ಹೋದರೂ ನನ್ನನ್ನು ಯಾರೂ ವಿಮಾನ ಹತ್ತಿಸುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ ದೊಡ್ಡಸ್ತಿಕೆಗೆಲ್ಲ ಇದೇ ಧೈರ್ಯ.

ನಮ್ಮ ಡ್ರೈವರಿಗೆ ಆ ಧೈರ್ಯ ಇರಲಿಲ್ಲ. ಅವರು ಉಡುಪಿ ಕಡೆಯವರು, ತುಳು ಮಾತಾಡುವವರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನಾನು ಅಣ್ಣ ಅನ್ನುತ್ತಿದ್ದೆ, ಅವರು ಊರಿನಲ್ಲಿ ಕ್ರಿಸ್ತಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಅನ್ನುತ್ತಿದ್ದರು. ವಿಲ್ಲಾದ ಹಿಂದೆ ಎರಡು ಕೋಣೆಯಲ್ಲಿ ಅವರು, ಹೆಂಡತಿ, ಒಬ್ಬಳೇ ಮಗಳು. ಮೂವರ ಇಕಾಮಾವೂ ರಾಯಭಾರ ಕಚೇರಿಯದ್ದೇ. ಬೇರೆಯವರಿಗೆ ಇಕಾಮಾ ಮಾಡಿಸಿಕೊಡುವ ಕಫೀಲ್ ಅಂದರೆ ಒಬ್ಬ ಮನುಷ್ಯ, ಅವನಿಗೆ ಸಿಟ್ಟು ಬಂದರೆ ಖಲಾಸ್. ನಮ್ಮ ಅಣ್ಣನಿಗೆ ಒಂದು ದೇಶವೇ ಕಫೀಲ್, ದೇಶಕ್ಕೆಲ್ಲಿ ಸಿಟ್ಟು ಬರುತ್ತದೆ ಅಂತ ನಾವು ತಮಾಷೆ ಮಾಡುತ್ತಿದ್ದೆವು.

ಧಣಿ ಅಂತ ಹೆಸರಿಟ್ಟದ್ದು ಅಣ್ಣನೇ. ಧಣಿ ಆ ದೇಶದಿಂದ ಎರಡನೇ ಕಾರ್ಯದರ್ಶಿ ಅನ್ನುವ ಅಧಿಕಾರಿಯಾಗಿ ಬಂದವರು, ಮೂವತ್ತು ದಾಟಿರಲಿಲ್ಲ, ಬಿಸಿಲಿಗೆ ಕಿವಿಯೆಲ್ಲ ಕೆಂಪಾಗುತ್ತಿತ್ತು. ಬೇರೆ ಬಿಳಿಯರ ಹಾಗಲ್ಲ. ಬಂದ ವಾರದಲ್ಲೇ ತೋಟದವನಿಂದ ಹಿಡಿದು ಎಲ್ಲರ ಹೆಸರು ಬಾಯಿಪಾಠ. ನಾನು ಕ್ರಿಸ್ಮಸ್ಸಿಗೆ ನಮ್ಮ ಇಡ್ಲಿಯ ಹಾಗಿನ ಸಾನ್ನಾ, ಕೋಳಿ ಸಾರು ತಂದರೆ ಕೈಯಲ್ಲೇ ತಿಂದವರು. ಇರಾಕ್ ಯುದ್ಧದ ವರ್ಷ ದಿನಕ್ಕೆ ನಾಲ್ಕು ಸಲ ಸೈರನ್ ಆಗುತ್ತಿತ್ತಲ್ಲ, ಆಗ ಅವರ ದೇಶದಿಂದ ವಿಷದ ಗಾಳಿಗೆ ಹಾಕುವ ಮುಖವಾಡಗಳು ಬಂದವು, ಬಿಳಿಯರಿಗೆ ಮಾತ್ರ. ಧಣಿ ಫೋನಿನಲ್ಲಿ ಜಗಳ ಮಾಡಿ ನಮಗೂ ತರಿಸಿದರು. ಬರುವವರೆಗೆ ತಮ್ಮದನ್ನು ಅಣ್ಣನ ಮಗಳ ಕುತ್ತಿಗೆಗೆ ನೇತು ಹಾಕಿದರು. ಎಂಟು ವರ್ಷದ ಮಗು ಅದು, ಆ ಮುಖವಾಡ ಹಾಕಿಕೊಂಡು ಕಾರಿಡಾರಿನಲ್ಲಿ ಓಡಾಡಿತು. ಅದನ್ನು ಕಣ್ಣಾರೆ ಕಂಡ ನಾನು ಆ ಮನುಷ್ಯನ ಬಗ್ಗೆ ಕೆಟ್ಟದ್ದು ಯೋಚಿಸುವುದು ಹೇಗೆ ಮಾರಾಯ್ರೆ?

ಮರುವರ್ಷ ಅವರು ಹೊರಟು ಹೋದರು, ರಾಜಕೀಯಕ್ಕೆ ಇಳಿದರು. ನಾನು ಡಿಕ್ಷನರಿ ಇಟ್ಟುಕೊಂಡು ಅವರ ಭಾಷೆಯ ತಲೆಬರಹ ಓದುವಷ್ಟು ಕಲಿತೆ. ಕುವೈತಿನ ಸುದ್ದಿಗೆ ಒಂದು ಫೈಲು, ಧಣಿಯ ಸುದ್ದಿಗೆ ನನ್ನದೇ ಇನ್ನೊಂದು ಫೈಲು. ಮೊದಲು ಒಂದು ಪಟ್ಟಣದ ಕೌನ್ಸಿಲಿಗೆ ಆರಿಸಿ ಬಂದರು. ಫೋಟೋದಲ್ಲಿ ಒಂದು ಲೈಬ್ರರಿಯ ಎದುರು ನಿಂತು ನಗುತ್ತಿದ್ದರು. ಲೈಬ್ರರಿ ಉದ್ಘಾಟನೆ ಅಂತ ನಾನು ಎಲ್ಲರಿಗೂ ತೋರಿಸಿಕೊಂಡು ಬಂದೆ. ಆಮೇಲೆ ನಿಧಾನಕ್ಕೆ ಓದಿದರೆ ಅದು ಮುಚ್ಚುವ ದಿನದ ಫೋಟೋ. ಕೆಲಸದವರಿಗೆಲ್ಲ ಒಬ್ಬೊಬ್ಬರ ಹೆಸರು ಹಿಡಿದು ಧನ್ಯವಾದ ಹೇಳಿದರಂತೆ. ಪಾರ್ಲಿಮೆಂಟಿಗೆ ಹೋದ ಮೇಲೆ ಹಳ್ಳಿ ಕಡೆಯ ಎರಡು ಆಸ್ಪತ್ರೆ ಮುಚ್ಚಿಸಿದರು. ಯುರೋಪಿನಲ್ಲೆಲ್ಲ ದುಡ್ಡಿಗೆ ತತ್ವಾರ ಬಂತಲ್ಲ, ಆಗ ಉಪಮಂತ್ರಿಯಾದರು, ಹಡಗು ಕಟ್ಟುವ ಒಂದು ಕಾರ್ಖಾನೆ ಹೋಯಿತು. ಪ್ರತಿ ಸಲವೂ ಜನರಿಗೆ ಆರು ತಿಂಗಳು ಮೊದಲೇ ತಿಳಿಸುತ್ತಿದ್ದರು. ಅದೇ ಅವರ ಹೆಮ್ಮೆ, ಭಾಷಣದಲ್ಲೂ ಅದನ್ನೇ ಹೇಳುತ್ತಿದ್ದರು. ನಾನು ಎಲ್ಲವನ್ನೂ ಅಂದವಾಗಿ ಕತ್ತರಿಸಿ, ಅಂಚು ಸರಿ ಮಾಡಿ, ಅಂಟಿಸಿದೆ.

ಅಣ್ಣ ಒಂದು ದಿನ ಚಾ ಕುಡಿಯುತ್ತಾ ನನ್ನ ಫೈಲು ಮಗುಚಿದರು. ಅವರಿಗೆ ಆ ಭಾಷೆ ಬಿಡಿ, ಇಂಗ್ಲಿಷೇ ಓದಲಿಕ್ಕೆ ಬರುತ್ತಿರಲಿಲ್ಲ. ಫೋಟೋ ಮಾತ್ರ ನೋಡಿದರು. ನೋಡಿ ಮುಗಿಸಿ ಕೇಳಿದರು:

"ಬಾಯಮ್ಮ, ಧಣಿ ಎಲ್ಲಿ ಹೋದರೂ ಅಲ್ಲಿ ಒಂದು ಬಾಗಿಲು ಹಾಕಿಯೇ ಇರುತ್ತದಲ್ಲ?"

ನಾನು ಅವರಿಗೆ ಬೈದೆ. ಪೊಕ್ಕಡೆ ಎಂತಾದರೂ ಹೇಳಬೇಡಿ, ದೇಶ ನಡೆಸುವುದು ಅಂದರೆ ಕಾರು ನಡೆಸಿದ ಹಾಗಲ್ಲ ಅಂದೆ. ಮನೆಗೆ ಬಂದು ಗಂಡನ ಹತ್ತಿರ ಹೇಳಿ ನಗಾಡಿದೆ. ಅವರು ನಗಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳಾ ಅಂದುಬಿಟ್ಟು ಟಿವಿಯ ಕಡೆ ತಿರುಗಿದರು. ಬ್ಯಾಂಕಿನವರಿಗೆ ಎಲ್ಲದರಲ್ಲೂ ಸಂಶಯ ಅಂತ ನಾನು ಅದನ್ನೂ ತಲೆಗೆ ಹಾಕಿಕೊಳ್ಳಲಿಲ್ಲ.

ಧಣಿ ವಿದೇಶಾಂಗ ಮಂತ್ರಿಯಾದ ಸುದ್ದಿ ಬಂದ ದಿನ ನಮ್ಮ ಕಚೇರಿಯಲ್ಲಿ ಹಬ್ಬ. ನಾನು ಲಾಡು ತರಿಸಿದೆ. ಆಗಿನ ರಾಯಭಾರಿಯವರು ಮಾತ್ರ ಒಂದು ಲಾಡನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು, ತಿನ್ನಲಿಲ್ಲ. ಆಗ ಅಣ್ಣನ ಮಗಳು ಹನ್ನೆರಡನೇ ಕ್ಲಾಸಿಗೆ ಹೋಗಿದ್ದಳಷ್ಟೇ. ಭಾರೀ ಬುದ್ಧಿವಂತೆ, ಡಾಕ್ಟರೇ ಆಗಬೇಕು ಅಂತ ಕೂತವಳು. ಕನ್ನಡ, ತುಳು ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮಾರ್ಚಿನಲ್ಲಿ ಅವಳ ಬೋರ್ಡ್ ಪರೀಕ್ಷೆ. ಅಲ್ಲಿಯವರೆಗೆ ಈ ನೆಲದಲ್ಲಿ ಕಾಲು ಗಟ್ಟಿ ಇದ್ದರೆ ಸಾಕು, ಆಮೇಲೆ ದೇವರು ಎಲ್ಲಿ ಕರೆದುಕೊಂಡು ಹೋದರೂ ಹೋಗುತ್ತೇನೆ ಅನ್ನುತ್ತಿದ್ದರು ಅಣ್ಣ.

ಅದೇ ಜೂನಿನಲ್ಲಿ ಅವರಿಗೆ ಮೀನಾ ಅಬ್ದುಲ್ಲಾದ ಒಂದು ಕಂಟ್ರಾಕ್ಟ್ ಕಂಪೆನಿಯಿಂದ ಕರೆ ಬಂತು. ಅಲ್ಲಿ ಬಸ್ಸುಗಳನ್ನು ನೋಡಿಕೊಳ್ಳುತ್ತಿದ್ದ ಊರಿನವರೊಬ್ಬರು ಕೆಲಸ ಬಿಟ್ಟು ಹೊರಟಿದ್ದರು, ತಮ್ಮ ಜಾಗಕ್ಕೆ ಇವರ ಹೆಸರು ಹೇಳಿದ್ದರು. ಹೆಂಡತಿ ಮಗಳ ಇಕಾಮಾ ಸಮೇತ ಕಂಪೆನಿಯೇ ಮಾಡಿಸುತ್ತದೆ. ಐವತ್ತೇಳು ಕಳೆದವರನ್ನು ಕುವೈತಿನಲ್ಲಿ ಯಾರು ಕರೆದು ಕೆಲಸ ಕೊಡುತ್ತಾರೆ? ಅಣ್ಣ ಕಾಗದ ಹಿಡಿದುಕೊಂಡು ನನ್ನ ಮೇಜಿನ ಎದುರು ಬಂದು ನಿಂತರು. ಹೋಗಲಾ ಬೇಡವಾ ಅಂತ ಕೇಳಿದರು. ನಾನು ಏನು ಹೇಳಿದರೂ ಮಾಡುತ್ತಿದ್ದರು, ಅಷ್ಟು ನಂಬಿಕೆ.

ಬೇಡ ಅಂದೆ. ಎಂತ ಮಾತು ಅಣ್ಣ, ಧಣಿ ಮಂತ್ರಿಯಾದ ಹೊತ್ತಿನಲ್ಲಿ ಅವರ ಮನೆ ಬಿಟ್ಟು ಹೋಗುವುದಾ, ನಾಳೆ ಅವರು ಬಂದು ಡ್ರೈವರ್ ಎಲ್ಲಿ ಅಂತ ಕೇಳಿದರೆ ನಾನು ಯಾವ ಮುಖ ತೋರಿಸಲಿ ಅಂದೆ. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು. ವಾರದೊಳಗೆ ಆ ಕೆಲಸ ಒಬ್ಬ ಕೇರಳದವನಿಗೆ ಆಯಿತು.

ಅಕ್ಟೋಬರಿನಲ್ಲಿ ಧಣಿ ಬಂದೇ ಬಂದರು. ಕುವೈತಿನವರ ಜೊತೆ ಮಾತುಕತೆ ಮುಗಿಸಿ ಒಂದು ಮಧ್ಯಾಹ್ನ ನಮ್ಮ ಕಚೇರಿಗೆ. ಕೂದಲು ಬೆಳ್ಳಗಾಗಿತ್ತು, ಹೆಸರುಗಳು ಮಾತ್ರ ಒಂದೂ ಮರೆತಿರಲಿಲ್ಲ. ಅಣ್ಣನನ್ನು ತಬ್ಬಿಕೊಂಡರು. ಮಗಳು ಎಲ್ಲಿ, ಎಷ್ಟನೇ ಕ್ಲಾಸು ಅಂತ ಕೇಳಿದರು. ನಾನು ಬೆಳಿಗ್ಗೆ ಬೇಗ ಎದ್ದು ಸಾನ್ನಾ ಮಾಡಿಕೊಂಡು ಹೋಗಿದ್ದೆ. ಈ ಸಲ ಫೋರ್ಕಿನಲ್ಲಿ ತಿಂದರು. ಆ ದಿನ ಹೊರಗೆ ಧೂಳು ಎದ್ದು ಕಿಟಕಿಯೆಲ್ಲ ಹಳದಿಯಾಗಿತ್ತು, ಮಧ್ಯಾಹ್ನಕ್ಕೇ ಲೈಟು ಹಾಕಿದ್ದೆವು.

ಅವರ ಜೊತೆಯಲ್ಲಿ ಒಂದು ಹುಡುಗಿ ಬಂದಿದ್ದಳು. ಯಾರೊಂದಿಗೂ ಮಾತಿಲ್ಲ. ಕೈಯಲ್ಲಿ ಒಂದು ಸಣ್ಣ ಯಂತ್ರ, ಅದರಿಂದ ಕೆಂಪು ಚುಕ್ಕೆಯ ಬೆಳಕು ಬರುತ್ತದೆ. ಕೋಣೆ ಕೋಣೆಗೆ ಹೋಗಿ ಚುಕ್ಕೆಯನ್ನು ಎದುರು ಗೋಡೆಗೆ ಬಿಡುವುದು, ಬರೆದುಕೊಳ್ಳುವುದು. ಚಾ ಕೋಣೆಗೂ ಬಂದಳು. ಕಡೆಗೆ ಹಿಂದಿನ ಅಣ್ಣನ ಮನೆಗೂ ಹೋದಳು. ಅವರ ಹೆಂಡತಿ ಒಲೆ ಆರಿಸಿ ಮೂಲೆಯಲ್ಲಿ ನಿಂತರಂತೆ. ಬಣ್ಣ ಹಾಕಿಸುತ್ತಾರೆ ಅಂತ ಕಾಣುತ್ತದೆ, ಧಣಿ ಬಂದದ್ದಕ್ಕೆ ನಮ್ಮ ಭಾಗ್ಯ ತೆರೆಯಿತು ಅಂತ ನಾನು ಅಣ್ಣನಿಗೆ ಹೇಳಿದೆ.

"ಬಣ್ಣ ಹಾಕುವವರು ಗೋಡೆ ಅಳೆಯುತ್ತಾರೆ ಬಾಯಮ್ಮ," ಅಂದರು ಅವರು ಮೆಲ್ಲ. "ಇವಳು ನೆಲ ಅಳೆಯುತ್ತಿದ್ದಾಳೆ."

ಸುಮ್ಮನಿರಿ ಅಣ್ಣ ಅಂದೆ.

ಸ್ವಲ್ಪ ಹೊತ್ತಿಗೆ ಧಣಿ ನನ್ನನ್ನು ಒಳಗೆ ಕರೆದರು. ಬಾಗಿಲು ಹಾಕಿ, ಕೂರಿಸಿ, ಬಹಳ ಹಗುರವಾಗಿ ಮಾತು ತೆಗೆದರು. ಇಲ್ಲಿಯ ಸಿಬ್ಬಂದಿ ಹೇಗಿದ್ದಾರೆ, ನೆಮ್ಮದಿಯಾಗಿದ್ದಾರಾ, ಒಂದು ವೇಳೆ ಏನಾದರೂ ಬದಲಾವಣೆ ಆದರೆ ಬೇರೆ ಕೆಲಸ ಸಿಗುವುದು ಕಷ್ಟವಾ ಅಂತ ಕೇಳಿದರು. ಈಗ ಆ ಪ್ರಶ್ನೆಯನ್ನು ಒಂದು ಮಗುವಿಗೆ ಕೇಳಿದರೂ ಅರ್ಥವಾದೀತು. ಆದರೆ ನಾವು ಹೇಗೆ ಬೆಳೆದವರು ಗೊತ್ತುಂಟಲ್ಲ. ದೊಡ್ಡವರು ಬಂದು ಹೇಗಿದ್ದೀರಿ ಅಂತ ಕೇಳಿದರೆ ಚೆನ್ನಾಗಿದ್ದೇವೆ ಅನ್ನಬೇಕು. ಊರಿಗೆ ಬರೆದ ಒಂದೊಂದು ಕಾಗದವನ್ನೂ ನಾವಿಲ್ಲಿ ಕ್ಷೇಮ ಅಂತಲೇ ಶುರು ಮಾಡಿದವರು ನಾವು, ಕ್ಷಿಪಣಿ ಬಿದ್ದ ವಾರ ಕೂಡ ಹಾಗೇ ಬರೆದವರು. ಕಷ್ಟ ಹೇಳಿಕೊಂಡರೆ ಕೈ ಚಾಚಿದ ಹಾಗೆ ಅಂತ ನನ್ನ ಅಮ್ಮ ಹೇಳಿಕೊಟ್ಟಿದ್ದಳು. ಅಷ್ಟೇ ಆಗಿದ್ದರೆ ಸಾಕಿತ್ತು. ನನಗೆ ಅಭಿಮಾನ ಬೇರೆ ಉಕ್ಕಿ ಬಂತು.

"ಕಷ್ಟ ಎಂತದು ಸಾರ್," ಅಂದೆ. "ನಮ್ಮವರಿಗೆ ಈ ಊರಿನಲ್ಲಿ ಎಲ್ಲಿ ಹೋದರೂ ಕೆಲಸ ಉಂಟು. ನಮ್ಮ ಡ್ರೈವರನ್ನೇ ಮೊನ್ನೆ ಒಂದು ಕಂಪೆನಿಯವರು ಕರೆದಿದ್ದರು. ನಿಮ್ಮನ್ನು ಬಿಟ್ಟು ಹೋಗಲಿಲ್ಲ ಅವರು."

ಧಣಿ ನನ್ನ ಮುಖವನ್ನೇ ನೋಡಿದರು. ಒಳ್ಳೆಯ ಮನುಷ್ಯ ಅವನು ಅಂದರು. ಆಮೇಲೆ ಕೋಟಿನ ಒಳಗಿನಿಂದ ಸಣ್ಣ ಪುಸ್ತಕ ತೆಗೆದು ಎರಡು ಸಾಲು ಬರೆದುಕೊಂಡರು. ನಮ್ಮ ಅಣ್ಣನಿಗೆ ಏನೋ ಬಹುಮಾನ ಬರಬಹುದು ಅಂತ ನಾನು ಖುಷಿಯಲ್ಲಿ ಹೊರಗೆ ಬಂದೆ. ಈಗ ಅದನ್ನು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಬೇಕು ಅನಿಸುತ್ತದೆ.

ಹದಿನೈದು ದಿನಕ್ಕೆ ಪೇಪರಿನಲ್ಲಿ ಬಂತು. ಖರ್ಚು ಉಳಿಸಲಿಕ್ಕೆ ಮುಚ್ಚುವ ರಾಯಭಾರ ಕಚೇರಿಗಳ ಪಟ್ಟಿ. ಕುವೈತ್ ಮೂರನೆಯದು. ಕುವೈತಿನ ಸುದ್ದಿ, ಧಣಿಯ ಸುದ್ದಿ, ಎರಡೂ ಒಂದೇ ಆದ ಕಾರಣ ಯಾವ ಫೈಲಿಗೆ ಅಂಟಿಸುವುದು ಅಂತ ತಿಳಿಯದೆ ಆ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಅಣ್ಣನಿಗೆ ನಾನೇ ಹೇಳಿದೆ. ಅವರು ಕೂಗಾಡಲಿಲ್ಲ. ಧಣಿ ಯಾವಾಗಲೂ ಆರು ತಿಂಗಳು ಕೊಡುತ್ತಾರಲ್ಲ ಅಂದರು. ಬೆರಳು ಮಡಿಸಿ ನವೆಂಬರಿನಿಂದ ಏಪ್ರಿಲಿನವರೆಗೆ ಎಣಿಸಿದರು. ಪರೀಕ್ಷೆ ಮುಗಿಸಿಕೊಂಡೇ ಹೋಗಬಹುದು, ದೇವರು ದೊಡ್ಡವನು ಅಂದರು. ನಾನೂ ಹೌದು ಹೌದು ಅಂದೆ. ಆ ವಾರ ಅವರು ಮನೆಯಲ್ಲಿ ಪೆಟ್ಟಿಗೆ ಕಟ್ಟಲಿಕ್ಕೆ ಶುರು ಮಾಡಿದರು, ಮಗಳ ಪುಸ್ತಕದ ಮೇಜು ಮಾತ್ರ ಮುಟ್ಟಬೇಡಿ ಅಂತ ಹೆಂಡತಿಗೆ ಹೇಳಿದರಂತೆ.

ಆಮೇಲೆ ಮಂತ್ರಾಲಯದಿಂದ ಕಾಗದ ಬಂತು, ಇಂಗ್ಲಿಷಿನಲ್ಲಿ, ಸಿಬ್ಬಂದಿಗೆಲ್ಲ ಒಂದೊಂದು ಪ್ರತಿ. ಮೊದಲು ಬಿಡಿಸಿದವಳು ನಾನು. ಡಿಸೆಂಬರ್ ಕೊನೆಗೆ ಬಾಗಿಲು ಹಾಕುವುದು, ಅದರೊಂದಿಗೆ ಎಲ್ಲರ ಇಕಾಮಾ ರದ್ದು. ಅದರ ಕೆಳಗೆ ಒಂದು ಸಾಲು: ಇಲ್ಲಿಯ ಸಿಬ್ಬಂದಿಗೆ ಬೇರೆ ಕೆಲಸ ಸುಲಭವಾಗಿ ಸಿಗುತ್ತದೆ ಎಂದು ಕಚೇರಿಯ ಕಾರ್ಯದರ್ಶಿಯವರು ಮಂತ್ರಿಗಳಿಗೆ ಖುದ್ದಾಗಿ ತಿಳಿಸಿರುವುದರಿಂದ, ಎಂದಿನ ಆರು ತಿಂಗಳ ಅವಧಿ ಇಲ್ಲಿ ಅಗತ್ಯವಿಲ್ಲ.

ಎಲ್ಲ ಪ್ರತಿಗಳನ್ನೂ ಡ್ರಾಯರಿಗೆ ಹಾಕಿ ಬೀಗ ಹಾಕಿದೆ, ಯಾರಿಗೂ ಹೇಳಲಿಲ್ಲ. ಅದೇ ದಿನ ಧಣಿಗೆ ಬರೆದೆ. ನಾನು ಹೇಳಿದ್ದು ಸುಳ್ಳು, ಬಾಯಿಗೆ ಬಂದ ಹಾಗೆ ಹೇಳಿದ್ದು, ಡ್ರೈವರಿಗೆ ಬೇರೆ ಯಾವ ಕೆಲಸವೂ ಇಲ್ಲ, ಬಂದ ಕೆಲಸವನ್ನು ನಾನೇ ಬಿಡಿಸಿದೆ, ನೀವು ಮುಖವಾಡ ತೊಡಿಸಿದ ಆ ಮಗುವಿನ ಪರೀಕ್ಷೆಗೆ ಬೇಕಾದಷ್ಟು, ಮೂರೇ ಮೂರು ತಿಂಗಳು ಕೊಡಿ ಅಂತ ಕಾಲು ಹಿಡಿಯುವ ಹಾಗೆ ಬರೆದೆ. ಜೀವನದಲ್ಲಿ ಮೊದಲ ಸಲ ನಾವಿಲ್ಲಿ ಕ್ಷೇಮ ಅಂತ ಬರೆಯದ ಕಾಗದ ಅದು. ಐದನೇ ದಿನ ಉತ್ತರ ಬಂತು, ಅವರದೇ ಸಹಿ. ನಿಮ್ಮ ಊಟದ ರುಚಿ ಮರೆತಿಲ್ಲ, ಆ ಹುಡುಗಿಗೆ ನನ್ನ ಶುಭಾಶಯ, ತೀರ್ಮಾನ ಬದಲಿಸುವುದು ಈಗ ಸಾಧ್ಯವಿಲ್ಲ. ಇಷ್ಟೇ.

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ರಾಯಭಾರಿಯವರು ಎಲ್ಲರನ್ನೂ ಸೇರಿಸಿ, ಅವರವರ ಪ್ರತಿ ಕೈಗೆ ಕೊಟ್ಟು, ಓದಲು ಬಾರದವರಿಗೆ ನೀವು ಓದಿ ಹೇಳಿ ಅಂದರು. ಅಣ್ಣ ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಓದಿ ಕನ್ನಡದಲ್ಲಿ, ಹಿಂದಿಯಲ್ಲಿ ಹೇಳಿದೆ. ಡಿಸೆಂಬರ್ ಕೊನೆ ಅಂದೆ. ಆ ಒಂದು ಸಾಲನ್ನು ಬಿಟ್ಟೆ. ಅಣ್ಣ ಮತ್ತೊಮ್ಮೆ ಬೆರಳು ಮಡಿಸಿದರು, ಎರಡು ತಿಂಗಳೂ ತುಂಬಲಿಲ್ಲ.

ಅವರು ಎಲ್ಲೆಲ್ಲ ತಿರುಗಿದರು ಅಂತ ಹೇಳಿ ಮುಗಿಯುವುದಿಲ್ಲ. ಮೀನಾ ಅಬ್ದುಲ್ಲಾಕ್ಕೆ ಎರಡು ಸಲ ಹೋದರು, ಗೇಟಿನಲ್ಲೇ ಜಾಗ ಇಲ್ಲ ಅಂದರು. ಹುಡುಗಿಯನ್ನು ನನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಅಂದೆ, ಅಪ್ಪನ ಇಕಾಮಾ ಹೋದರೆ ಮಗಳದ್ದೂ ಹೋಯಿತು ಅಂದರು ಇಕಾಮಾ ಆಫೀಸಿನವರು. ಊರಿನಲ್ಲಿ ಬರೆಯೋಣ ಅಂದರೆ ಪರೀಕ್ಷಾ ಕೇಂದ್ರ ಬದಲಿಸುವ ದಿನ ದಾಟಿತ್ತು. ವರ್ಷ ಹೋಯಿತು ಅಂತ ಎಲ್ಲರಿಗೂ ಗೊತ್ತಾಯಿತು.

ಒಂದು ಬೆಳಿಗ್ಗೆ ಅಣ್ಣ ನನ್ನನ್ನು ಯಾವುದೋ ಕಚೇರಿಗೆ ಕರೆದುಕೊಂಡು ಹೋಗುತ್ತಿದ್ದರು. ಸಮುದ್ರದ ಬದಿಯ ರಸ್ತೆ. ಅವರು ರಸ್ತೆಯ ಮೇಲೇ ಕಣ್ಣಿಟ್ಟುಕೊಂಡು, ಮಗಳು ಆ ಕಾಗದ ಓದಿದಳು ಅಂದರು. ಅದರಲ್ಲಿ ನಿಮ್ಮ ಬಗ್ಗೆ ಏನೋ ಉಂಟಂತೆ ಅಂದರು.

"ಬಾಯಮ್ಮ ಹಾಗೆ ಹೇಳಿರಲಿಕ್ಕಿಲ್ಲ ಅಂದೆ ನಾನು. ದೊಡ್ಡವರು ತಮಗೆ ಬೇಕಾದ್ದನ್ನು ನಮ್ಮ ಬಾಯಿಗೆ ಹಾಕಿ ಬರೆದುಕೊಳ್ಳುತ್ತಾರೆ ಅಂದೆ. ಹೌದಲ್ಲ?"

"ಹೌದು ಅಣ್ಣ," ಅಂದೆ.

ಅವರು ತಲೆ ಆಡಿಸಿದರು. ಅವರ ಭುಜ ಸ್ವಲ್ಪ ಸಡಿಲವಾದದ್ದು ಹಿಂದಿನ ಸೀಟಿನಿಂದ ಕಂಡಿತು.

ಅವರು ಹೊರಟ ದಿನ ವಿಮಾನ ನಿಲ್ದಾಣಕ್ಕೆ ನಾನೂ ನನ್ನ ಗಂಡನೂ ಹೋಗಿದ್ದೆವು. ಅಣ್ಣ ಪೆಟ್ಟಿಗೆ ತೂಕ ಹಾಕಿಸಲಿಕ್ಕೆ ಹೆಂಡತಿಯ ಜೊತೆ ಸಾಲಿನಲ್ಲಿದ್ದರು. ಹುಡುಗಿ ನನ್ನ ಪಕ್ಕಕ್ಕೆ ಬಂದು ನಿಂತಳು. ನನ್ನ ಹತ್ತಿರ ಮಾತು ಕಲಿತಾಗಿನಿಂದ ಇಂಗ್ಲಿಷೇ ಮಾತಾಡಿದವಳು, ಅವತ್ತು ತಡವರಿಸಿ ತಡವರಿಸಿ ಕನ್ನಡದಲ್ಲಿ ಕೇಳಿದಳು, ಆ ಮಂತ್ರಿ ಕೇಳಿದ್ದಾ ಆಂಟಿ, ನೀವೇ ಹೇಳಿದ್ದಾ ಅಂತ. ಸುಳ್ಳು ಹೇಳಲು ಬಾಯಿ ತೆರೆದೆ, ಅವಳ ಮುಖ ನೋಡಿ ಆಗಲಿಲ್ಲ. ಕೇಳಿದರು, ಆದರೆ ಕೇಳಿದ್ದಕ್ಕಿಂತ ಹೆಚ್ಚು ನಾನೇ ಹೇಳಿದೆ ಅಂದೆ. ನಿನ್ನ ಅಪ್ಪನಿಗೆ ಬಂದ ಕೆಲಸದ ವಿಷಯ ಕೂಡ ನಾನೇ ಹೇಳಿದ್ದು ಅಂದೆ. ಈಗಲೇ ಹೋಗಿ ಅವರ ಹತ್ತಿರ ಒಪ್ಪಿಕೊಳ್ಳುತ್ತೇನೆ ಮಗಾ ಅಂತ ಸಾಲಿನ ಕಡೆ ಕಾಲು ಎತ್ತಿದೆ.

ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ಹಿಡಿತ ಬಹಳ ಬಿಗಿಯಾಗಿತ್ತು.

"ಬೇಡ ಆಂಟಿ. ಇಪ್ಪತ್ತು ವರ್ಷದಲ್ಲಿ ಅಪ್ಪನಿಗೆ ಇಲ್ಲಿ ಉಳಿದದ್ದು ನೀವು ಒಬ್ಬರೇ. ಅದನ್ನೂ ತೆಗೆಯಬೇಡಿ."